ಸಾಮಾನ್ಯ ಗೆಂಡೆಯ ಕ್ರೋಮೋಸೋಮ್ ಎಣಿಕೆ 100ಕ್ಕೆ ಮುಟ್ಟುತ್ತಿಲ್ಲ

ಪ್ರಶ್ನೆ: ರೋಹು ಮೀನಿನ ಸ್ಲೈಡಿನಲ್ಲಿ 50 ಕ್ರೋಮೋಸೋಮ್ ಸಲೀಸಾಗಿ ಸಿಗುತ್ತದೆ. ಸಾಮಾನ್ಯ ಗೆಂಡೆಯಲ್ಲಿ (ಕಾಮನ್ ಕಾರ್ಪ್) ಮಾತ್ರ 94, 97, 98 ಹೀಗೆ ಬರುತ್ತಿದೆ. ಕೋಶ ವಿಭಜನೆಯನ್ನು ನಡುವೆಯೇ ತಡೆಯಲು 0.05% ಕಾಲ್ಚಿಸಿನ್, 100 ಗ್ರಾಂ ಮೀನಿಗೆ 1 ಮಿ.ಲೀ., ಮೂರು ಗಂಟೆ. ಕಿಡ್ನಿಯ ಕೋಶಗಳನ್ನು ಉಬ್ಬಿಸಲು 0.56% ಪೊಟ್ಯಾಸಿಯಂ ಕ್ಲೋರೈಡ್, 45 ನಿಮಿಷ. ಎಲ್ಲಿ ತಪ್ಪಾಗಿದೆ? ಇನ್ನೊಂದು, 100 ಅಂದರೆ 50ರ ದುಪ್ಪಟ್ಟು ಅಂತಲೇ ಬರೆಯಬಹುದಾ?

ಉತ್ತರ 1: ಪೊಟ್ಯಾಸಿಯಂ ಕ್ಲೋರೈಡಿನಲ್ಲಿ 45 ನಿಮಿಷ ಅತಿಯಾಯಿತು. ಕೋಶ ಉಬ್ಬಿ ಒಡೆದು, ಅಂಚಿನ ಎರಡು-ಮೂರು ಕ್ರೋಮೋಸೋಮ್ ಹರಿದು ಹೋಗುತ್ತವೆ. 20–25 ನಿಮಿಷಕ್ಕೆ ನಿಲ್ಲಿಸಿ. ತೀರಾ ಕಡಿಮೆಯಾದರೆ ಒಂದರ ಮೇಲೊಂದು ಬಿದ್ದು ಗುಂಪುಗಟ್ಟುತ್ತವೆ, ಆಗ ಎರಡೆರಡು ನಿಮಿಷ ಏರಿಸಿ. ಬಳಿಕ ಕೋಶಗಳನ್ನು ಕೆಡದಂತೆ ಸ್ಥಿರಗೊಳಿಸಲು ಮೆಥನಾಲ್ 3 ಪಾಲು, ಅಸಿಟಿಕ್ ಆಮ್ಲ 1 ಪಾಲು ಆಗಷ್ಟೇ ಬೆರೆಸಿ, ತಣ್ಣಗಿರುವಾಗ ಹಾಕಿ. ಮೊದಲ ಸಲ ಟ್ಯೂಬನ್ನು ಬೆರಳಿಂದ ತಟ್ಟುತ್ತಾ ಹನಿ ಹನಿಯಾಗಿ, ಇಲ್ಲದಿದ್ದರೆ ಕೋಶಗಳು ಗಂಟುಕಟ್ಟುತ್ತವೆ. ಒಟ್ಟು ಮೂರು ಸಲ ಬದಲಿಸಿ. ಕಾಲ್ಚಿಸಿನ್ ಹೊತ್ತು ಸರಿಯಿದೆ. ಅದನ್ನು ಎಳೆದರೆ ಕ್ರೋಮೋಸೋಮ್ ಚುಕ್ಕೆಯಷ್ಟಾಗುತ್ತದೆ: ಎಣಿಸಬಹುದು, ಸೆಂಟ್ರೋಮಿಯರ್ (ಕ್ರೋಮೋಸೋಮಿನ ಎರಡು ಎಳೆಗಳು ಕೂಡಿರುವ ಜಾಗ) ಎಲ್ಲಿದೆ ಅಂತ ಹೇಳಲಾಗದು.

ಕನಿಷ್ಠ 50 ಕೋಶ ಎಣಿಸಿ, ಹೆಚ್ಚು ಸಲ ಬಂದ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಇಲ್ಲಿ ಸರಾಸರಿಗೆ ಅರ್ಥವಿಲ್ಲ, ಏಕೆಂದರೆ ತಪ್ಪು ಬಹುತೇಕ ಕಳೆಯುವ ಕಡೆಗೇ. 100 ದಾಟಿದರೆ ಪಕ್ಕದ ಕೋಶ ಬೆರೆತಿದೆಯೇ ನೋಡಿ.

ಉತ್ತರ 2: ಎಣಿಕೆಯೊಂದರಿಂದಲೇ ದುಪ್ಪಟ್ಟು ಅನ್ನುವಂತಿಲ್ಲ. ಕ್ರೋಮೋಸೋಮ್ ತುಂಡಾದರೂ ಸಂಖ್ಯೆ ಏರುತ್ತದೆ, ಡಿಎನ್‌ಎ ಏರುವುದಿಲ್ಲ. ಗೆಂಡೆಯಲ್ಲಿ ಡಿಎನ್‌ಎಯೂ ಹೆಚ್ಚಿದೆ: ರೋಹುವಿಗೆ ಸುಮಾರು 100 ಕೋಟಿ ಬೇಸ್ ಜೋಡಿ, ಗೆಂಡೆಗೆ ಸುಮಾರು 170 ಕೋಟಿ. 2014ರಲ್ಲಿ ಪ್ರಕಟವಾದ ಗೆಂಡೆಯ ಜೀನೋಮಿನಲ್ಲಿ (ಪೂರ್ತಿ ಡಿಎನ್‌ಎ ಪಾಠ) ಅಸಂಖ್ಯ ಜೀನ್‌ಗಳು ಜೋಡಿಜೋಡಿಯಾಗಿ, ಬೇರೆ ಬೇರೆ ಕ್ರೋಮೋಸೋಮ್‌ಗಳ ಮೇಲಿವೆ. 50 ಕ್ರೋಮೋಸೋಮಿನ ಎರಡು ಬೇರೆ ಪ್ರಭೇದಗಳು ಕೂಡಿ ಹುಟ್ಟಿದ ಮೀನಿದು. ಹಾಗಾಗಿ 2n=4x=100 ಅಂತ ಬರೆಯಿರಿ: 2n ಅಂದರೆ ದೇಹದ ಕೋಶದಲ್ಲಿರುವ ಒಟ್ಟು ಸಂಖ್ಯೆ, 4x ಅಂದರೆ ಮೂಲ ಕ್ರೋಮೋಸೋಮ್ ಗುಂಪಿನ ನಾಲ್ಕು ಪ್ರತಿ.

ಆದರೆ ತಳಿ ಲೆಕ್ಕಕ್ಕೆ ಕೂತಾಗ ಡಿಪ್ಲಾಯ್ಡ್ (ಪ್ರತಿ ಕ್ರೋಮೋಸೋಮಿಗೆ ಎರಡೇ ಪ್ರತಿ) ಅಂತಲೇ ಹಿಡಿಯಿರಿ. ಎರಡೂ ಮೂಲದ ಕ್ರೋಮೋಸೋಮ್‌ಗಳು ತಮ್ಮ ತಮ್ಮಲ್ಲೇ ಜೋಡಿಯಾಗುತ್ತವೆ, ಮಿಯೋಸಿಸ್‌ನಲ್ಲಿ (ಮೊಟ್ಟೆ-ವೀರ್ಯಾಣು ರೂಪುಗೊಳ್ಳುವ ವಿಭಜನೆ) ಕಾಣುವುದು 50 ಜೋಡಿ. ಎರಡು ಮೂಲಗಳಿವೆ ಅನ್ನುವುದನ್ನು ಮರೆತವರು ಮೈಕ್ರೋಸ್ಯಾಟಲೈಟ್ (ಮರುಕಳಿಸುವ ಚಿಕ್ಕ ಡಿಎನ್‌ಎ ಗುರುತು) ಜೆಲ್ಲಿನಲ್ಲಿ ಒಂದೇ ಮೀನಿಗೆ ಮೂರು-ನಾಲ್ಕು ಪಟ್ಟಿ ಕಂಡೊಡನೆ ಮಾದರಿ ಎಸೆಯುತ್ತಾರೆ. ಪ್ರೈಮರ್ (ಆ ಗುರುತನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಂಡು) ಎರಡೂ ಮೂಲದ ಪ್ರತಿಗಳಿಗೆ ಅಂಟಿದರೂ ಹಾಗೆಯೇ ಆಗುತ್ತದೆ.

ಉತ್ತರ 3: ನಮ್ಮ ಡೆಕ್ಕನ್ ಮಹಶೀರ್‌ಗೂ 100. ಒಂದು ಎಚ್ಚರಿಕೆ: ಕಾಟ್ಲಾ, ರೋಹು, ಮೃಗಾಲ್ ಮೂರಕ್ಕೂ 50. ಕಾಟ್ಲಾ-ರೋಹು ಮಿಶ್ರತಳಿಗೂ 50, ಅದು ಮರಿಯನ್ನೂ ಮಾಡುತ್ತದೆ. ಮೀನುಮರಿ ಕೇಂದ್ರದ ತಾಯಿಮೀನು ಶುದ್ಧವೇ ಅನ್ನುವುದಕ್ಕೆ ಈ ಎಣಿಕೆ ಉತ್ತರ ಕೊಡದು, ಡಿಎನ್‌ಎ ಗುರುತೇ ಬೇಕು.