ಬಸವ ಜಯಂತಿಯ ವಚನ ಗಾಯನಕ್ಕೆ ತಬಲಾ ಬೇಕೇ, ತಂಬೂರಿ ಸಾಕೇ?

ಹೋಟಗಿ ರಸ್ತೆಯವಳು:
ಸೊಲ್ಲಾಪುರದಲ್ಲಿ ಬಸವ ಜಯಂತಿಗೆ ಮುಕ್ಕಾಲು ಗಂಟೆ ವಚನ ಹಾಡಲು ಒಪ್ಪಿಕೊಂಡಿದ್ದೇನೆ. ಸಭೆಯಲ್ಲಿ ಮರಾಠಿಯವರೂ ಇರುತ್ತಾರೆ, ಮನೆಯಲ್ಲಿ ಕನ್ನಡ ಆಡಿದರೂ ಓದಲು ಬಾರದ ಹುಡುಗರೂ ಇರುತ್ತಾರೆ. ‘ಅಭಂಗದ ಹಾಗೆ ಜನ ಕೈ ತಟ್ಟುವಂತಿರಲಿ’ ಎನ್ನುವ ಸಂಘಟಕರು ತಬಲಾ, ಕೀಬೋರ್ಡ್ ಗೊತ್ತುಮಾಡಿಬಿಟ್ಟಿದ್ದಾರೆ. ನನಗೆ ತಂಬೂರಿಯೊಂದನ್ನೇ ಇಟ್ಟುಕೊಳ್ಳುವ ಆಸೆ. 12ನೆಯ ಶತಮಾನದ ಮಾತನ್ನು ಹಾಗೆ ಹಾಡಿದರೆ ಜನ ಕೂರುತ್ತಾರೆಯೇ?

ಅಕ್ಕಲಕೋಟೆ ಪೇಟಿ ಮಾಸ್ತರ:
ಕೂರುತ್ತಾರೆ ತಾಯಿ. ಮೊದಲು ಆ ಕೀಬೋರ್ಡನ್ನು ಮನೆಗೆ ಕಳಿಸಿ. ತಬಲಾದ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಸಿಟ್ಟಿರುವುದು ಪಲ್ಲವಿಯ ಮೇಲೆ.

‘ಉಳ್ಳವರು ಶಿವಾಲಯವ ಮಾಡುವರು’ ತೆಗೆದುಕೊಳ್ಳಿ. ಮೊದಲ ಸಾಲನ್ನೇ ಪಲ್ಲವಿ ಮಾಡಿ, ‘ಎನ್ನ ಕಾಲೇ ಕಂಬ’ ಹಾಡಿದ ಕೂಡಲೇ ಮತ್ತೆ ಉಳ್ಳವರ ಹತ್ತಿರ ಓಡುತ್ತಾರೆ. ಹೊನ್ನ ಕಳಶ ಇಟ್ಟ ಮೇಲೂ ಉಳ್ಳವರೇ. ಬಸವಣ್ಣ ಕಾಲು, ದೇಹ, ಶಿರ ಎಂದು ಬುಡದಿಂದ ಗುಡಿ ಎಬ್ಬಿಸುತ್ತಾ ಹೋಗಿ, ಕೂಡಲಸಂಗನನ್ನು ಕರೆದು, ‘ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ’ ಎಂದು ನಿಲ್ಲುತ್ತಾನೆ. ನಾವು ತಿಹಾಯಿ, ಅಂದರೆ ಮೂರು ಸಲ ಬಾರಿಸುವ ಮುಕ್ತಾಯ, ಹೊಡೆದು ಶ್ರೀಮಂತರ ಶಿವಾಲಯದಲ್ಲಿ ಮುಗಿಸುತ್ತೇವೆ! ಕೊನೆಯ ಸಾಲನ್ನು ಬೇಕಾದರೆ ಎರಡು ಸಲ ಹಾಡಿ, ಹಿಂದಕ್ಕೆ ಹೋಗಬೇಡಿ. ಭಜನೆಗೆ ತಬಲಾದಲ್ಲಿ ಬಾರಿಸುವ ಭಜನಿ ಠೇಕಾ ಹಿಡಿದರೆ ಇನ್ನೊಂದು ಪೇಚು: 8 ಮಾತ್ರೆಗೆ ಹೊಂದಿಸುವ ಭರದಲ್ಲಿ ‘ಸ್ಥಾವರಕ್ಕ’ ಒಂದು ಕಡೆ, ‘ಳಿವುಂಟು’ ಇನ್ನೊಂದು ಕಡೆ ಬೀಳುತ್ತದೆ.

ತಾಳ ಬೇಕೇಬೇಕೆಂದರೆ ಸ್ವರವಚನ ಆರಿಸಿಕೊಳ್ಳಿ. ಪಲ್ಲವಿ, ನುಡಿ ಇಟ್ಟು ಹಾಡಲೆಂದೇ ಶರಣರು ಕಟ್ಟಿದವು ಅವು. ಮರಾಠಿಯಲ್ಲಿ ಎರಡು ಮಾತು ಹೇಳುವುದಿದ್ದರೆ ಮೊದಲೇ ಹೇಳಿಬಿಡಿ, ನಡುವೆ ಬಾಯಿ ಹಾಕಬೇಡಿ. ನಿಮ್ಮೂರಿನವನೇ ಆದ ಶರಣ ಸಿದ್ಧರಾಮನದೊಂದು ಇರಲಿ, ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅವನ ಅಂಕಿತ ಕೇಳಿದರೆ ಸೊಲ್ಲಾಪುರದಲ್ಲಿ ಯಾರಿಗೂ ಅರ್ಥ ಹೇಳಬೇಕಿಲ್ಲ.

ಜತ್ತದ ಕೇಳುಗ:
ಇಷ್ಟು ಬಿಗಿ ಯಾಕೆ ಮಾಸ್ತರರೇ? ‘ಬತ್ತೀಸ ರಾಗವ ಹಾಡಯ್ಯಾ’ ಎಂದು ಮೂವತ್ತೆರಡು ರಾಗ ಕೇಳಿದವನೂ ಬಸವಣ್ಣನೇ ಅಲ್ಲವೇ? ಮಲ್ಲಿಕಾರ್ಜುನ ಮನ್ಸೂರರು ಹಿಂದೂಸ್ತಾನಿ ರಾಗದಲ್ಲಿ ಹಾಡದಿದ್ದರೆ ನಮ್ಮಂಥವರ ಕಿವಿಗೆ ಅಕ್ಕಮಹಾದೇವಿ ಬೀಳುತ್ತಲೇ ಇರಲಿಲ್ಲ.

ಅಕ್ಕಲಕೋಟೆ ಪೇಟಿ ಮಾಸ್ತರ:
ರಾಗ ಬೇಡವೆಂದು ನಾನೆಲ್ಲಿ ಹೇಳಿದೆ? ತಾಳಮಾನ ತನಗೆ ತಿಳಿಯದೆಂದು ಹೇಳಿ ‘ಆನು ಒಲಿದಂತೆ ಹಾಡುವೆ’ ಎಂದವನೂ ಅದೇ ಬಸವಣ್ಣ. ಇನ್ನು ಮನ್ಸೂರರ ಕಂಠ ಯಾರಾದರೂ ತಂದರೆ ನಾನು ಪಲ್ಲವಿಯ ತಕರಾರನ್ನೂ ಬಿಟ್ಟು ಸುಮ್ಮನೆ ಕೂರುತ್ತೇನೆ.

ಹೋಟಗಿ ರಸ್ತೆಯವಳು:
ಇಬ್ಬರಿಗೂ ಶರಣು. ತಬಲಾವನ್ನು ಸ್ವರವಚನಕ್ಕೆ ಮಾತ್ರ ಎಂದು ಒಪ್ಪಿಸಿದ್ದೇನೆ. ಕೀಬೋರ್ಡಿನವರಿಗೆ ಮುಂಗಡ ಕೊಟ್ಟಾಗಿದೆಯಂತೆ. ಅವರಿಂದ ಶ್ರುತಿ ಹಿಡಿಸಲೇ?

ಅಕ್ಕಲಕೋಟೆ ಪೇಟಿ ಮಾಸ್ತರ:
ಹಿಡಿಸಿ. ಷಡ್ಜ, ಪಂಚಮ (ಸ, ಪ) ಬಿಟ್ಟು ಬೇರೆ ಸ್ವರ ಮುಟ್ಟಿದರೆ ಉಳಿದ ಹಣ ಸಿಗುವುದಿಲ್ಲವೆಂದು ಈಗಲೇ ಹೇಳಿಡಿ.