ನಕ್ಷತ್ರ ಆಮೆ ‘ದತ್ತು’ ಕೊಡ್ತಾರಂತೆ, ಉಡುಗೊರೆಗೆ ಆಗುತ್ತಾ? (ಡಾಕ್ಟ್ರನ್ನ ಕೇಳಿ: ವನ್ಯಜೀವಿ)

ಕಾಫಿಪುಡಿ: ತಂಗಿ ಹುಟ್ಟುಹಬ್ಬಕ್ಕೆ ಅವಳ ಹೆಸರಲ್ಲಿ ಅಳಿವಿನಂಚಿನ ಪ್ರಾಣಿಯೊಂದನ್ನ ದತ್ತು ಪಡೀಬೇಕು ಅಂತಿದೆ. ಹೇಗೆ? ಮನೆಗೆ ಕೊಡ್ತಾರಾ?

ಡಾಕ್ಟ್ರು: ಕೊಡಲ್ಲ. ಪ್ರಾಣಿ ಮೃಗಾಲಯದಲ್ಲೇ ಇರುತ್ತೆ, ನೀವು ಅದರ ಮೇವಿನ ಖರ್ಚು ಹೊರ್ತೀರಿ. ಹಣವನ್ನು ಮೃಗಾಲಯ ಪ್ರಾಧಿಕಾರಕ್ಕೇ ನೇರ ಕಟ್ಟಿ, ಮಧ್ಯವರ್ತಿ ಬೇಡ. ತಂಗಿ ಹೆಸರು ಹೇಗೆ ಬರೀಬೇಕು ಅಂತ ಕಟ್ಟುವಾಗಲೇ ಹೇಳಿ. ಹುಲಿ, ಆನೆಗೆ ಹೇಗೂ ಜನ ಸಿಗ್ತಾರೆ. ತೋಳಕ್ಕೋ ಕತ್ತೆಕಿರುಬಕ್ಕೋ ಕೊಡಿ. ಮೈಸೂರು, ಬನ್ನೇರುಘಟ್ಟ ಬಿಟ್ಟು ತ್ಯಾವರೆಕೊಪ್ಪ, ಗದಗ, ಕಲಬುರಗಿ ಕಡೆಗೂ ಒಮ್ಮೆ ನೋಡಿ.

ಲೆಕ್ಕದಪುಸ್ತಕ: ತೆರಿಗೆ ಬಗ್ಗೆ ಎಲ್ಲರೂ ಕೇಳ್ತಾರೆ, ಈಗಲೇ ಹೇಳಿಬಿಡ್ತೀನಿ. 80ಜಿ, ಅಂದ್ರೆ ದೇಣಿಗೆಗೆ ಸಿಗೋ ತೆರಿಗೆ ರಿಯಾಯಿತಿ, ಹಳೇ ತೆರಿಗೆ ಪದ್ಧತಿಯವರಿಗೆ ಮಾತ್ರ. 2,000 ರೂಪಾಯಿ ಮೀರಿ ನಗದು ಕೊಟ್ರೆ ಲೆಕ್ಕಕ್ಕೇ ಬರಲ್ಲ. ಪ್ರಮಾಣಪತ್ರದಲ್ಲಿ ತಂಗಿ ಹೆಸರಿರಲಿ, ರಸೀದಿ ಮಾತ್ರ ಹಣ ಕಟ್ಟಿದವರ ಪ್ಯಾನ್‌ಗೇ ಬೇಕು.

ಡಲ್ಲಾಸ್‌ದೋಸೆ: ನಾವು ಅಮೆರಿಕದಿಂದ ಕಳಿಸಬಹುದಾ?

ಲೆಕ್ಕದಪುಸ್ತಕ: ಭಾರತದ ಪಾಸ್‌ಪೋರ್ಟೇ ಇದ್ರೆ ನಿಮ್ಮ ಉಳಿತಾಯದ ಹಣ ವಿದೇಶಿ ದೇಣಿಗೆ ಅಲ್ಲ. ಓಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರು) ಆಗಿದ್ರೆ ಅದು ವಿದೇಶಿ ಮೂಲ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದ ಸಂಸ್ಥೆ ತಗೊಳ್ಳೋ ಹಾಗಿಲ್ಲ. ನೀವು ಯಾವುದು?

ಹೂಬಳ್ಳಿ: ಡಾಕ್ಟ್ರೇ, ಪರಿಚಯದವರೊಬ್ರು 3,500 ರೂಪಾಯಿ ಇಸ್ಕೊಂಡು ನಕ್ಷತ್ರ ಆಮೆ ಮರಿ ‘ದತ್ತು’ ಕೊಟ್ಟಿದ್ದಾರೆ, ಮಗಳಿಗೆ ಉಡುಗೊರೆ. ಸರ್ಟಿಫಿಕೇಟೂ ಇದೆ. ನಾಲ್ಕು ದಿನದಿಂದ ಕಣ್ಣು ಬಿಡ್ತಿಲ್ಲ, ಮೂಗಲ್ಲಿ ಗುಳ್ಳೆ ಬರ್ತಿದೆ. ಟೊಮೆಟೊ, ಸೌತೆಕಾಯಿ ಹಾಕ್ತಿದ್ದೀವಿ.

ಡಾಕ್ಟ್ರು: ಉಳಿದವರು ಸ್ವಲ್ಪ ತಡೀರಿ. ಹೂಬಳ್ಳಿಯವರೇ, ಇದು ದತ್ತು ಅಲ್ಲ, ಮಾರಾಟ. 2022ರ ತಿದ್ದುಪಡಿ ಆದ ಮೇಲೆ ನಕ್ಷತ್ರ ಆಮೆ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟಿಯಲ್ಲಿ. ಮಾರಿದ್ರೂ ಸಾಕಿದ್ರೂ ಮೂರರಿಂದ ಏಳು ವರ್ಷ ಜೈಲು, ದಂಡ 25,000ಕ್ಕೆ ಕಡಿಮೆ ಇಲ್ಲ. ಆ ಸರ್ಟಿಫಿಕೇಟು ಬರೀ ಕಾಗದ.

ಈಗ ಮರಿಯ ವಿಷಯ. ಗುಳ್ಳೆ ಬರ್ತಿದೆ ಅಂದ್ರೆ ಶ್ವಾಸಕೋಶಕ್ಕೆ ಸೋಂಕು ಇಳಿದಿರಬಹುದು. ಆಮೆಗೆ ವಪೆ (ಎದೆ, ಹೊಟ್ಟೆ ನಡುವೆ ಉಸಿರಾಟಕ್ಕೆ ನೆರವಾಗೋ ಸ್ನಾಯು) ಇಲ್ಲ, ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕೋಕಾಗಲ್ಲ, ಅದು ಒಳಗೇ ನಿಲ್ಲುತ್ತೆ. ತಣ್ಣನೆ ಟೈಲ್ಸ್ ಮೇಲೆ ಬಿಟ್ಟಿದ್ದೀರಿ ಅಂತ ನನ್ನ ಅನುಮಾನ. ಮೈ ಬಿಸಿ ಇಳಿದ್ರೆ ಅದರ ರೋಗನಿರೋಧಕ ಶಕ್ತಿಯೂ ಇಳಿಯುತ್ತೆ, ತಿಂದದ್ದೂ ಅರಗಲ್ಲ. ಒಣ ರಟ್ಟಿನ ಡಬ್ಬಕ್ಕೆ ಗಾಳಿಗೆ ತೂತು ಮಾಡಿ, ಕೆಳಗೆ ಒಣಹುಲ್ಲೋ ಪೇಪರೋ ಹಾಸಿ. ಒಂದು ಮೂಲೆಗೆ ಮಾತ್ರ ಬಿಸಿ ಕೊಡೋ ಹಳೇ ಬಲ್ಬು, ಅಲ್ಲಿ 30 ಡಿಗ್ರಿ ಆಸುಪಾಸು ಇರಲಿ. ಇನ್ನೊಂದು ಮೂಲೆ ತಂಪಾಗಿರಲಿ, ಬಿಸಿ ಹೆಚ್ಚಾದ್ರೆ ಅದು ಸರಿಯಬೇಕಲ್ಲ. ದಿನಕ್ಕೊಮ್ಮೆ ಉಗುರುಬೆಚ್ಚನೆ ನೀರಲ್ಲಿ ಹತ್ತು ನಿಮಿಷ, ನೀರು ಗದ್ದ ಮುಟ್ಟಬಾರದು, ಆಮೇಲೆ ಒರೆಸಿ. ಬಾಯಿಗೆ ಏನನ್ನೂ ತುರುಕಬೇಡಿ. ಆ್ಯಂಟಿಬಯೋಟಿಕ್ ತೂಕ ನೋಡಿ ಕೊಡಬೇಕಾದದ್ದು, ಇಲ್ಲಿ ಹೆಸರು ಬರೆಯಲ್ಲ. ಇದೆಲ್ಲ ಅರಣ್ಯ ಇಲಾಖೆಯವರು ಬರೋವರೆಗೆ ಅಷ್ಟೇ.

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಇವತ್ತೇ ಫೋನ್ ಮಾಡಿ. ಹಣ ಕಳಿಸಿದ ರಸೀದಿ, ಮಾರಿದವರ ಚಾಟ್ ಅಳಿಸಬೇಡಿ. ಇನ್ನೊಂದು ಮಾತು: ಭಯಕ್ಕೆ ಕೆರೆಗೆ ಬಿಟ್ಟು ಬರಬೇಡಿ! ಇದು ಒಣ ಕುರುಚಲು ಕಾಡಿನ ನೆಲದಾಮೆ, ಈಜಲ್ಲ, ಮುಳುಗಿ ಸಾಯುತ್ತೆ. ಎಲ್ಲಿಂದಲೋ ಬಂದದ್ದನ್ನ ಇನ್ನೆಲ್ಲೋ ಕಾಡಿಗೆ ಬಿಟ್ರೆ ಅಲ್ಲಿನ ಆಮೆಗಳಿಗೂ ರೋಗ ಅಂಟಬಹುದು.

ಅರಿಶಿನದಕೊಂಬು: ಫಾರ್ವರ್ಡ್ ಬಂದಿತ್ತು: ಚಿಪ್ಪಿಗೆ ಕೊಬ್ಬರಿ ಎಣ್ಣೆ, ಅರಿಶಿನ ಹಚ್ಚಿ ಹಾಲು ಕುಡಿಸಿದ್ರೆ ಎರಡೇ ದಿನದಲ್ಲಿ ಸರಿಹೋಗುತ್ತಂತೆ. ಹುಳಕ್ಕೆ ಐವರ್‌ಮೆಕ್ಟಿನ್ ಒಂದು ಹನಿ.

ಡಾಕ್ಟ್ರು: ಐವರ್‌ಮೆಕ್ಟಿನ್ ಆಮೆಗೆ ವಿಷ. ಕೈಕಾಲು ಸೋತು, ಉಸಿರು ನಿಂತು ಸಾಯುತ್ತೆ. ನಾಯಿಗೆ, ದನಕ್ಕೆ ಕೊಡೋದನ್ನ ಇದಕ್ಕೂ ಕೊಡಬೇಡಿ. ಹಾಲು ಅದಕ್ಕೆ ಅರಗಲ್ಲ. ಎಣ್ಣೆ ಹಚ್ಚಿದ್ರೆ ಧೂಳು ಕೂತು ಬೂಸ್ಟು ಬರುತ್ತೆ. ಫಾರ್ವರ್ಡ್ ಕಳಿಸಿದವರು ಆಮೆ ಮುಖ ನೋಡಿದ್ದಾರಾ?

ಅರಿಶಿನದಕೊಂಬು: ಒಳ್ಳೇದಕ್ಕೆ ಹೇಳಿದ್ದು ಸರ್.

ಡಾಕ್ಟ್ರು: ಗೊತ್ತು. ಅಳಿಸಿ.

ಮಳೆನಾಡು: ಮೃಗಾಲಯಕ್ಕೆ ಹಣ ಕೊಡೋದೂ ಪಂಜರಕ್ಕೆ ಬಾಡಿಗೆ ಕಟ್ಟಿದ ಹಾಗೇ ಅಲ್ವಾ? ಸಿಂಗಳೀಕನ (ಸಿಂಹಬಾಲದ ಕೋತಿ) ಹೆಸರಲ್ಲಿ 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯ ಮಾಡಿದ್ರು. ಈಗ ಅದೇ ಕಣಿವೇಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನ ಮೇಲಕ್ಕೆತ್ತಿಟ್ಟು, ಬೇಡಿಕೆ ಹೆಚ್ಚಿದ್ದಾಗ ಕೆಳಗೆ ಬಿಟ್ಟು ಕರೆಂಟ್ ಮಾಡೋ ಯೋಜನೆ) ಅಂತಿದ್ದಾರೆ. ಕಾಡೇ ಇಲ್ದೆ ದತ್ತು ಯಾರಿಗೆ?

ತೂಗುಯ್ಯಾಲೆ: ಕರೆಂಟ್ ಇಲ್ದೆ ಈ ಕಮೆಂಟ್ ಹೇಗೆ ಹಾಕಿದ್ರಿ?

ಮಳೆನಾಡು: ನೀರೆತ್ತೋಕೆ ಸುಡೋ ಕರೆಂಟು ವಾಪಸ್ ಬರೋದಕ್ಕಿಂತ ಜಾಸ್ತಿ, ಮೊದಲು ಅದನ್ನ ಓದ್ಕೊಳ್ಳಿ. ಸಿಂಗಳೀಕ ಮರದಿಂದ ಮರಕ್ಕೇ ಹೋಗೋ ಪ್ರಾಣಿ. ಮರಗಳ ಮೇಲ್ಛಾವಣಿ ತುಂಡಾದ್ರೆ ನೆಲಕ್ಕಿಳಿಯುತ್ತೆ, ರಸ್ತೇಲಿ ಸಾಯುತ್ತೆ.

ತೂಗುಯ್ಯಾಲೆ: ಪೀಕ್ ಅವರ್ ಗೊತ್ತಿಲ್ದೋರ ಜೊತೆ ಮಾತೇನು. ಪಂಜರದಲ್ಲಿರೋ ಸಿಂಗಳೀಕ ಇವತ್ತು ಊಟ ಮಾಡಬೇಕೋ ಬೇಡ್ವೋ?

ಕಾಫಿಪುಡಿ: ದಯವಿಟ್ಟು ಬೇರೆ ಕಡೆ ಜಗಳ ಆಡಿ. ಡಾಕ್ಟ್ರೇ, ದತ್ತು ಪಡೆದ ಸಿಂಗಳೀಕಕ್ಕೆ ನಾವೇ ಬಾಳೆಹಣ್ಣು ಕೊಡಬಹುದಾ?

ಡಾಕ್ಟ್ರು: ಇಲ್ಲ. ನಿಮ್ಮ ಕೆಮ್ಮು, ಕ್ಷಯ ಅದಕ್ಕೂ ಹತ್ತುತ್ತೆ. ನಾವು ತಿನ್ನೋ ಬಾಳೆಹಣ್ಣಲ್ಲಿ ಸಕ್ಕರೆ ಜಾಸ್ತಿ, ಅದಕ್ಕೆ ಕಾಡುಹಣ್ಣು, ಚಿಗುರು, ಹುಳುಹುಪ್ಪಟೆ ಬೇಕು.

ಬೆಳ್ಳಿಗೆಜ್ಜೆ: ದತ್ತು ತಗೊಂಡ್ರೆ ಮನೆಗೆ ಕರ್ಕೊಂಡು ಹೋಗಬಹುದಾ ಸರ್?

ಡಾಕ್ಟ್ರು: ಮೇಲೆ ಓದಿ.

ವಾಸ್ತುಪುರ: ಆಮೆ ಮನೇಲಿದ್ರೆ ಲಕ್ಷ್ಮಿ ನಿಲ್ತಾಳೆ, ಉತ್ತರ ದಿಕ್ಕಿಗೆ ಮುಖ ಮಾಡಿಡಬೇಕು.

ಡಾಕ್ಟ್ರು: ಹಿತ್ತಾಳೆದು ಇಡಿ.

ಪುಟ್ಟಗೌರಿ: ಪ್ರಮಾಣಪತ್ರ ಕನ್ನಡದಲ್ಲಿ ಸಿಗುತ್ತಾ?

ಮಳೆನಾಡು: ತೂಗುಯ್ಯಾಲೆಯವರೇ, ಓಡಿಹೋದ್ರಾ?

ತೂಗುಯ್ಯಾಲೆ: ಕೆಲಸ ಇದೆ, ನಿಮ್ಮ ಹಾಗಲ್ಲ.

ಬೆಳ್ಳಿಗೆಜ್ಜೆ: ಸರ್, ಗಿಳಿ ದತ್ತು ಕೊಡ್ತಾರಾ, ಮನೆಗೆ?

ಡಾಕ್ಟ್ರು: ನಮ್ಮ ಕಾಡಿನ ಗಿಳಿಯನ್ನೂ ಮನೇಲಿ ಸಾಕೋ ಹಾಗಿಲ್ಲ. ಮೂರನೇ ಸಲ ಕೇಳಬೇಡಿ. ಹೂಬಳ್ಳಿಯವರೇ, ಫೋನ್ ಮಾಡಿದ್ರಾ? ಗುಳ್ಳೆ ಇನ್ನೂ ಇದೆಯಾ, ಬಾಯಿ ತೆರೆದು ಉಸಿರಾಡ್ತಿದೆಯಾ? ಎರಡನೆಯದಕ್ಕೆ ಹೌದು ಅಂದ್ರೆ ನಾಳೆವರೆಗೆ ಕಾಯಬೇಡಿ.

ಹೂಬಳ್ಳಿ: ಬಾಯಿ ತೆರೀತಿದೆ. 1926ರವರು ವಿಳಾಸ ಬರ್ಕೊಂಡ್ರು, ಬರ್ತಾರಂತೆ. ಡಬ್ಬದಲ್ಲಿ ಇಟ್ಟಿದ್ದೀನಿ, ಬಲ್ಬು ಹಾಕಿದ್ದೀನಿ.

ಡಾಕ್ಟ್ರು: ಮಗಳು ಕೈ ಸೋಪು ಹಾಕಿ ತೊಳೀಲಿ, ಆಮೆ ಮೈಮೇಲೆ ಸಾಲ್ಮೊನೆಲ್ಲಾ ಇರುತ್ತೆ. ಬಂದವರಿಗೆ ತಿನ್ನಿಸಿದ್ದು ಏನೇನು, ಎಷ್ಟು ದಿನ ಅಂತ ಚೀಟೀಲಿ ಬರೆದುಕೊಡಿ.