21 ಅಂಕಿಯ ಆ ಸಂಖ್ಯೆ: ಗೆದ್ದದ್ದು ಕೋಲ್ ಅಥವಾ ಲುಕಾ?

ಗಣಿತಪ್ರಿಯ:
147573952589676412927. 67 ಎರಡುಗಳನ್ನು ಗುಣಿಸಿ 1 ಕಳೆದರೆ ಇದು ಬರುತ್ತದೆ. 1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮರ್ಸೆನ್ ಇದನ್ನು ಅವಿಭಾಜ್ಯ ಅಂತ ಪಟ್ಟಿಗೆ ಸೇರಿಸಿದ್ದರು. 1903ರಲ್ಲಿ ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ನ್ಯೂಯಾರ್ಕಿನಲ್ಲಿ ಗಣಿತಜ್ಞರ ಸಭೆಯಲ್ಲಿ ಎದ್ದು ನಿಂತು, ಒಂದು ಮಾತೂ ಆಡದೆ, ಬೋರ್ಡಿನ ಮೇಲೆ 193707721 × 761838257287 ಗುಣಿಸಿ ಇದೇ ಉತ್ತರ ತೋರಿಸಿದರಂತೆ. ಮರ್ಸೆನ್ ತಪ್ಪು ಎಂದು ಸಾಬೀತು ಮಾಡಿದ್ದು ಕೋಲ್.

ರೇವತಿ_ಮೈಸೂರು:
"ಸಾಬೀತು ಮಾಡಿದ್ದು ಕೋಲ್" ಅನ್ನುವುದು ತಪ್ಪು. 1876ರಲ್ಲೇ, ಅಂದರೆ 27 ವರ್ಷ ಮೊದಲೇ, ಫ್ರಾನ್ಸಿನ ಗಣಿತಜ್ಞ ಲುಕಾ ಇದು ಅವಿಭಾಜ್ಯ ಅಲ್ಲ ಎಂದು ತೋರಿಸಿದ್ದರು. ಅದೂ ಒಂದು ಅಪವರ್ತನವೂ ಕೈಗೆ ಸಿಗದೆ!

ಗಣಿತಪ್ರಿಯ:
ಕೈಗೆ ಸಿಗದೆ ಇದ್ದದ್ದು ಅದೆಂಥ ಸಾಬೀತು ಮೇಡಂ? ಕೋಲ್ ಉತ್ತರವನ್ನು ಯಾರು ಬೇಕಾದರೂ ತಾಳೆ ನೋಡಬಹುದು. ನಾನೇ ನೋಡಿದೆ. ಅಂಕಿ ಕೂಡಿದರೆ ಮೊದಲನೆಯದು 37, ಎರಡನೆಯದು 64, ಗುಣಲಬ್ಧ 109. ಮೂರರಲ್ಲೂ 9 ತೆಗೆಯುತ್ತಾ ಹೋದರೆ 1 ಉಳಿಯುತ್ತದೆ. 1 × 1 = 1. ಸರಿಯಾಗಿದೆ.

ನಿವೃತ್ತ ಮೇಷ್ಟ್ರು:
"ಸರಿಯಾಗಿದೆ" ಅಂತ ಹೇಗೆ ಹೇಳ್ತೀರಿ? 193707721 ಬದಲು 139707721 ಬರೆಯಿರಿ, ಆಗಲೂ ಮೊತ್ತ 37. ಅಂಕಿ ಅದಲು ಬದಲಾದರೆ 9ರ ತಾಳೆಗೆ ಗೊತ್ತೇ ಆಗಲ್ಲ. 11ರ ತಾಳೆ ನೋಡಬೇಕು. ಬಲದಿಂದ ಒಂದು ಅಂಕಿ ಕೂಡಿ ಮುಂದಿನದು ಕಳೆಯುತ್ತಾ ಬಂದರೆ −13 ಮತ್ತು 8. −13ಕ್ಕೆ ಎರಡು ಸಲ 11 ಕೂಡಿದರೆ 9, ಹಾಗಾಗಿ 11ರ ಶೇಷ 9 ಮತ್ತು 8. ಅವುಗಳ ಗುಣಲಬ್ಧ 72, 11ರಿಂದ ಭಾಗಿಸಿದರೆ ಶೇಷ 6. ದೊಡ್ಡ ಸಂಖ್ಯೆಯಲ್ಲೂ 6. ಇದು ತಾಳೆ ಅಂದರೆ.

ಗಣಿತಪ್ರಿಯ:
ನಾನು ಮೂರನೇ ಕ್ಲಾಸಿನಿಂದ 9ರ ತಾಳೆ ಮಾಡಿಕೊಂಡು ಬಂದವನು. ಒಂದು ಸಲವೂ ಕೈ ಕೊಟ್ಟಿಲ್ಲ.

ನಿವೃತ್ತ ಮೇಷ್ಟ್ರು:
ಕೈ ಕೊಟ್ಟಿದ್ದು ನಿಮಗೆ ಗೊತ್ತಾಗಿಲ್ಲ, ಅಷ್ಟೇ! 30 ವರ್ಷ ಮಕ್ಕಳ ನೋಟ್‌ಬುಕ್ಕಿನಲ್ಲಿ ಇದೇ ತಪ್ಪು ತಿದ್ದಿದ್ದೇನೆ. ಸುಮ್ನೆ ವಾದ ಮಾಡಬೇಡಿ.

ಕಿರಣ್ ಹೆಚ್:
ಮೇಷ್ಟ್ರೇ, 391707721 ಬರೆದು ನೋಡಿ. ಮೊತ್ತ 37. 11ರ ಶೇಷವೂ ಅದೇ 9. ಒಂದು ಅಂಕಿ ಬಿಟ್ಟು ಇನ್ನೊಂದು ಅದಲು ಬದಲಾದರೆ ನಿಮ್ಮ ತಾಳೆಯೂ ಹಿಡಿಯಲ್ಲ. ಪೂರ್ತಿ ಗುಣಿಸದೆ ಬೇರೆ ದಾರಿ ಇಲ್ಲ.

ನಿವೃತ್ತ ಮೇಷ್ಟ್ರು:
ಮಕ್ಕಳು ಜಾಸ್ತಿ ತಪ್ಪುವುದು ಪಕ್ಕಪಕ್ಕದ ಅಂಕಿಯಲ್ಲಿ. ಅದನ್ನು 11 ಹಿಡಿಯುತ್ತದೆ.

ರೇವತಿ_ಮೈಸೂರು:
ತಾಳೆ ಬಿಡಿ, ದಯವಿಟ್ಟು. ಈ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವೇ ಆಗಲಿ, 1 ಕಳೆದರೆ 134ರಿಂದ ಭಾಗ ಹೋಗಲೇಬೇಕು. 193707720ನ್ನು ಭಾಗಿಸಿ ನೋಡಿ, ಸರಿಯಾಗಿ 1445580 ಬರುತ್ತದೆ. ಇಷ್ಟು ಸೋಸಿದ ಮೇಲೂ ಲಕ್ಷಗಟ್ಟಲೆ ಸಂಖ್ಯೆ ಉಳಿಯುತ್ತವೆ. ಎಷ್ಟು ದಿನ ಹಿಡಿಯಿತು ಅಂತ ಕೇಳಿದರೆ ಕೋಲ್ "ಮೂರು ವರ್ಷದ ಭಾನುವಾರಗಳು" ಅಂದರಂತೆ. ಇದು ಒಡೆಯುತ್ತದೆ ಅಂತ ಲುಕಾ ಮೊದಲೇ ತೋರಿಸಿರದಿದ್ದರೆ ಅಷ್ಟು ಭಾನುವಾರ ಯಾರು ಕೊಡುತ್ತಿದ್ದರು?

ಗಣಿತಪ್ರಿಯ:
ಭಾನುವಾರ ಕೊಟ್ಟವರು ಕೋಲ್, ಅಲ್ವಾ? ನಾನು ಹೇಳಿದ್ದೂ ಅದನ್ನೇ.